ಕೇಸು ಮುಗಿಯೋವರೆಗೆ

ಕೆಲಸ ಕಳೆದುಕೊಂಡು ಬಂದ ಕಾರ್ಮಿಕರಿಗೆಲ್ಲ ವಕೀಲರು ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತಿದ್ದರು: "ಕೇಸು ಮುಗಿಯೋವರೆಗೆ ಬೇರೆಲ್ಲೂ ಕೆಲಸಕ್ಕೆ ಹೋಗ್ಬೇಡಿ. ಹೋದ್ರೆ, ಗೆದ್ರೂ ಹಿಂಬಾಕಿ ಸಂಬಳ ಸಿಗಲ್ಲ." ಎಲ್ಲರೂ ತಲೆಯಾಡಿಸಿ, ಹೊಟ್ಟೆಪಾಡಿಗೆ ಕದ್ದುಮುಚ್ಚಿ ಎಲ್ಲಾದರೂ ದುಡಿಯುತ್ತಿದ್ದರು. ಅದನ್ನು ಅರಿಯದಷ್ಟು ಹುಂಬರೇನಲ್ಲ ವಕೀಲರು.

ಲೇತ್ ಕೆಲಸದ ಮರಿಯಪ್ಪನ ಕೇಸು ಹನ್ನೊಂದು ವರ್ಷ ಎಳೆದಾಡಿ, ಇವತ್ತು ವಜಾ ಆಯಿತು.

ಕೋರ್ಟಿನ ಮೆಟ್ಟಿಲಿಳಿಯುತ್ತ ವಕೀಲರು ಅವನ ಹೆಗಲ ಮೇಲೆ ಕೈಯಿಟ್ಟರು. "ಹೋಗ್ಲಿ ಬಿಡಪ್ಪ. ಗುಟ್ಟಾಗಿ ಎಲ್ಲೋ ಕೆಲಸ ಹಿಡಿದಿರ್ತೀಯಲ್ಲ, ಅದನ್ನೇ ಮುಂದುವರಿಸು."

ಜೊತೆಗೆ ಬಂದಿದ್ದ ಅವನ ಹೆಂಡತಿ, ಬೀಡಿ ಕಟ್ಟಿ ಕಪ್ಪಾದ ಬೆರಳುಗಳಿಂದ ಸೆರಗು ಸರಿಮಾಡಿಕೊಂಡಳು.

ಮರಿಯಪ್ಪ ಕೇಳಿದ: "ಕೇಸು ಮುಗೀತಲ್ಲ ಸಾರ್, ಇನ್ನು ನಾನು ಕೆಲಸಕ್ಕೆ ಹೋಗ್ಬಹುದಾ?"