ಕೋವಿಯ ಕಿವಿ

ಜಗಲಿಯಲ್ಲಿ ಕೂತು ವಾಸಪ್ಪ ಕೋವಿ ತೊಳೆಯುತ್ತಿದ್ದ. ಹೆಂಡತಿ ಕನ್ನಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನಾಳೆ ಈ ಕೋವಿಗೆ ಬೀಳುವುದು ಹಂದಿಯಲ್ಲ, ತನ್ನ ತಮ್ಮ ಅಂಜನಪ್ಪ ಎಂದು ಅವಳಿಗೆ ಖಾತ್ರಿಯಾಗಿತ್ತು.

ಆಗದೆ ಏನು? ಹೋದ ಬೇಟೆಯಲ್ಲಿ ಹಂದಿಯ ತಲೆ ಯಾರ ಪಾಲು ಎಂದು ಭಾವ-ಮೈದುನರಿಗೆ ಜಗಳ ಹತ್ತಿ, ಊರವರ ಎದುರೇ ವಾಸಪ್ಪ ಅವನ ಕೆನ್ನೆಗೆ ಬಾರಿಸಿದ್ದ. "ಇನ್ನೊಂದ್ಸಲ ಅಡ್ಡ ಬಂದ್ರೆ ಹಂದಿ ಅಂತ್ಲೇ ಹೊಡೀತೀನಿ" ಎಂದಿದ್ದ. ಅಂಜನಪ್ಪ ಕೆನ್ನೆ ಒರೆಸಿಕೊಂಡು ಹೋಗಿದ್ದ, ಪಾಪ. ಈಗ ಇದ್ದಕ್ಕಿದ್ದಂತೆ ರಾಜಿ! ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತ ಮೇಲೆ ಈಚೆ ದಡದಲ್ಲಿ ಹಂದಿ ಹೆಚ್ಚಿವೆ, ಇಬ್ಬರೇ ಹೋಗುತ್ತಾರಂತೆ. ಬೇರೆ ಯಾರೂ ಬೇಡವಂತೆ.

ಕೋವಿ ತೊಳೆಯುವುದರಲ್ಲಿ ವಾಸಪ್ಪನದು ಎತ್ತಿದ ಕೈ. ಹೊಸನಗರದ ಕಡೆಯ ಕೇಪಿನ ಕೋವಿಗಳೆಲ್ಲ ಅವನ ಜಗಲಿಗೇ ಬರುತ್ತಿದ್ದವು. ನಳಿಗೆಗೆ ಕುದಿನೀರು ಹುಯ್ದು, ಗಜ ಎಂಬ ಉದ್ದ ಸರಳಿಗೆ ಬಟ್ಟೆ ಸುತ್ತಿ ತಳದವರೆಗೆ ಉಜ್ಜಿದ. ಆಮೇಲೆ ಕಿವಿಗೆ ಕೈಹಾಕಿದ. ಹೊರಗೆ ಸಿಡಿಯುವ ಕೇಪಿನ ಕಿಡಿ ಒಳಗಿನ ಮದ್ದಿಗೆ ದಾಟುವ ಸೂಜಿತೂತಿಗೆ ಕಿವಿ ಎನ್ನುತ್ತಾರೆ. ಅದು ಕಟ್ಟಿದರೆ ಕೋವಿ ಬರೀ ದೊಣ್ಣೆ. ತಂತಿಯಿಂದ ಕೆದಕಿ, ಕೋಳಿಪುಕ್ಕದಲ್ಲಿ ಎಣ್ಣೆ ಸವರಿ, ಬಾಯಿಟ್ಟು ಊದಿದ.

"ಅಷ್ಟ್ಯಾಕೆ ಕೆದಕ್ತೀರಿ?" ಕನ್ನಮ್ಮ ಸಂದಿಯಿಂದಲೇ ಕೇಳಿದಳು.

"ಹೊತ್ತಿಗೆ ಇದು ಕೈಕೊಟ್ರೆ ನಿನ್ನ ತಮ್ಮನ ಗತಿ ಏನೇ?" ವಾಸಪ್ಪ ನಕ್ಕ.

ಬೆಳಿಗ್ಗೆ ಕಂಬಳಿ ಹೊದ್ದು ಬಂದಿದ್ದ ಅಂಜನಪ್ಪನೂ ಹೋಗುವಾಗ ಬಾವಿಕಟ್ಟೆಯಲ್ಲಿ ಅದನ್ನೇ ಹೇಳಿದ್ದ. "ಅಕ್ಕಾ, ಕಿವಿ ಚೆನ್ನಾಗಿ ತೆಗೀಲಿಕ್ಕೆ ಹೇಳು ಭಾವಂಗೆ. ನಾಳೆ ತಪ್ಪಬಾರ್ದು." ಅಯ್ಯೋ ಹುಚ್ಚಪ್ಪಾ, ನಿನ್ನ ಕುತ್ತಿಗೆಯ ಕತ್ತಿಗೆ ನೀನೇ ಸಾಣೆ ಹಿಡಿಸುತ್ತೀಯಲ್ಲೋ!

ಕೋವಿಯನ್ನು ಕಂಬಕ್ಕೆ ಒರಗಿಸಿ ವಾಸಪ್ಪ ಬಚ್ಚಲಿಗೆ ಹೋದ.

ಬೇಟೆಯ ಕೋವಿಯನ್ನು ಹೆಂಗಸರು ಮುಟ್ಟಬಾರದು. ಕನ್ನಮ್ಮ ಹುಟ್ಟಿದಾಗಿನಿಂದ ಒಂದನ್ನೂ ಹತ್ತಿರದಿಂದ ನೋಡಿದವಳಲ್ಲ. ಇಂದು ಮುಟ್ಟಿದಳು. ಹೆಗಲಿಗೇರಿಸಲು ಹೊಸ ಪಟ್ಟಿ ಬೇರೆ ಹಾಕಿಸಿದ್ದಾನೆ, ಕಟುಕ! ಅಡುಗೆಮನೆಯಲ್ಲಿ ಕಡ್ಡಿಗೆ ಸುತ್ತಿಟ್ಟಿದ್ದ ಹಲಸಿನ ಮೇಣವನ್ನು ಕಾಯಿಸಿ ತಂದು, ಸೂಜಿಯಿಂದ ಕಿವಿಯೊಳಕ್ಕೆ ತುರುಕಿದಳು. ಮೇಲೆ ಸೆರಗಿನಿಂದ ಒರೆಸಿದಳು. ಏನೂ ಕಾಣಲಿಲ್ಲ.

ಮರುದಿನ ಗಂಡ ಹೊರಡುವಾಗ ಅವಳು ಹಿತ್ತಲಿನಿಂದ ಈಚೆ ಬರಲಿಲ್ಲ. ಮುಖ ನೋಡಿದರೆ ಗುಟ್ಟು ಬಿಟ್ಟುಕೊಟ್ಟೇನೆಂಬ ಹೆದರಿಕೆ.

ಬಿಸಿಲೇರುವಾಗ ಕಾಡಿನಿಂದ ಢಂ ಎಂದು ಈಡು ಕೇಳಿತು. ಕೈಯಲ್ಲಿದ್ದ ಕೊಡ ಬಿತ್ತು. ಮೇಣ ನಿಲ್ಲಲಿಲ್ಲ! ದೇವರೇ, ತಮ್ಮ ಹೋದ!

ವಾಸಪ್ಪ ಒಬ್ಬನೇ ಬಂದ. ಹೆಗಲ ಕೋವಿಯ ಬಾಯಿಂದ ಮದ್ದಿನ ವಾಸನೆ ಹೊಡೆಯುತ್ತಿತ್ತು. ಜಗಲಿಯ ಮೇಲೆ ಕುಸಿದು ಕೂತ.

"ತಮ್ಮ ಎಲ್ಲಿ?" ಕನ್ನಮ್ಮ ಚೀರಿದಳು. "ಏನ್ಮಾಡಿದ್ರಿ ಅವನ್ನ?"

"ಓಡಿಹೋದ. ನಾನು ಹಂದಿಗೆ ಹೊಡೆದು ತಿರುಗ್ತೀನಿ, ನನ್ನ ಎದೆಗೇ ಗುರಿ ಇಟ್ಟಿದ್ದ ಕಣೇ. ಕೇಪು ಚಟ್ ಅಂತು, ಈಡು ಹಾರ್ಲಿಲ್ಲ." ಅವನು ಬೆವರು ಒರೆಸಿಕೊಂಡ. "ಅಲ್ಲಾ, ನಿನ್ನೆ ಇದೇ ಜಗಲೀಲಿ ಕೂತು ಅವನ ಕೋವಿ ಕಿವಿ ತೆಗೆದುಕೊಟ್ಟವನು ನಾನೇ, ಅದು ಹೆಂಗೆ ಕಟ್ತು?"