ಕೊಚ್ಚೆಯಲ್ಲ, ಕೋಚಾ

“ಏನಂದೆ? ಮಾಮನ ಕೊಚ್ಚೆನಾ?” ಎಂದು ಗೌರಿ ಪೂಜೆ ಮಾಡಿಸಲು ಬಂದಿದ್ದ ತ್ಯಾಗರಾಜ ಅಂಕಲ್ ನಕ್ಕಾಗ ಅಮೆರಿಕದ ಕೊಲಂಬಿಯಾ ಊರಿನಲ್ಲಿ ಹಬ್ಬಕ್ಕೆ ಜನ ಸೇರಿದ್ದ ಆ ಬೇಸ್‌ಮೆಂಟಿಗೆ ಬೇಸ್‌ಮೆಂಟೇ ನಕ್ಕಿತು. ಸ್ಕೂಲಿಗೆಂದು ಮಾಡಿದ ನೀಲಿ ಮಣ್ಣಿನ ಗೊಂಬೆಯನ್ನು ಕಲಶದ ಪಕ್ಕ ಇಟ್ಟಿದ್ದ ಇಶಾಳ ಮುಖ ಕೆಂಪಾಯಿತು.

“ನೋ ಅಂಕಲ್, ಮಾಮಾ ಕೋಚಾ. ಪೆರುವಿನ ಇಂಕಾ ಜನರ ಗಾಡೆಸ್. ಮಾಮಾ ಅಂದ್ರೆ ಅಮ್ಮ. ಸಮುದ್ರ, ನೀರು, ಎಲ್ಲಾ ಅವಳೇ.”

“ಯಾರಾದರೇನಮ್ಮ, ಇಲ್ಲಿಟ್ಟರೆ ಮೈಲಿಗೆ.” ಅಂಕಲ್ ಎರಡೇ ಬೆರಳಲ್ಲಿ ಗೊಂಬೆಯನ್ನೆತ್ತಿ ಟೇಪ್ ರೆಕಾರ್ಡರಿನ ಹಿಂದಕ್ಕೆ ತಳ್ಳಿದರು. ಆ ಕೈಯನ್ನೇ ಕಲಶದ ಮೇಲಿಟ್ಟು ಗಂಗೆ, ಯಮುನೆಯರನ್ನು ಕರೆಯತೊಡಗಿದರು.

ಮಗಳ ತುಟಿ ಅದುರಿದ್ದನ್ನು ಕಂಡ ಶೈಲಜಾಳಿಗೆ ಮೈಯೆಲ್ಲ ಉರಿದುಹೋಯಿತು. ಅವರ ಕೈಕೆಳಗಿನಿಂದ ಕಲಶ ಎಳೆದುಕೊಂಡವಳೇ ಮೂಲೆಯ ಸಿಂಕಿಗೆ ನೀರನ್ನೆಲ್ಲ ಸುರಿದುಬಿಟ್ಟಳು.

“ಅಯ್ಯೋ, ಏನಮ್ಮಾ ಇದು!”

“ನಲ್ಲಿ ನೀರು ಅಂಕಲ್. ನೀವು ಕರೆದ್ರೆ ಇದಕ್ಕೆ ಗಂಗೆ ಬರ್ತಾಳೆ, ನನ್ನ ಮಗಳು ಕರೆದ್ರೆ ಅವಳ ದೇವಿ ಬರಬಾರದಾ?” ಶೈಲಜಾ ಮತ್ತೆ ನಲ್ಲಿ ತಿರುಗಿಸಿ, ತುಂಬಿದ ಕಲಶವನ್ನು ಇಶಾಳ ಕೈಗಿತ್ತಳು.

“ಕರಿ ಪುಟ್ಟಾ. ಗಟ್ಟಿಯಾಗಿ ಕರಿ. ಅಂಕಲ್‌ಗೆ ಆಗಲೇ ಸರಿಯಾಗಿ ಕೇಳಿಸಲಿಲ್ಲ.”