ಇಪ್ಪತ್ನಾಲ್ಕನೆಯವಳು

ಗೋಡೆಗೇರಿದ್ದ, ತಾನೇ ತೆಗೆದ ಫೋಟೋದ ಮುಂದೆ ನಿಂತು ಅಂಜಿನಕ್ಕ ಬೆರಳಿಟ್ಟು ತಲೆ ಎಣಿಸತೊಡಗಿದಳು. ಹುಬ್ಬು ಗಂಟಿಕ್ಕಿ ಮತ್ತೆ ಮೊದಲಿಂದ ಎಣಿಸಿದಳು.

ಪುಷ್ಪಲತಾ ಕಾದಿದ್ದು ಒಂದು ಮೆಚ್ಚುಗೆಯ ಮಾತಿಗೆ. ಯಾರೂ ಛಾಯಾಗ್ರಾಹಕರೆಂದು ಲೆಕ್ಕಕ್ಕೇ ಹಿಡಿಯದವರನ್ನು ಹುಡುಕಿ ಅವರ ಚಿತ್ರಗಳ ಪ್ರದರ್ಶನ ಏರ್ಪಡಿಸುವುದು ಅವಳ ಇಪ್ಪತ್ತು ವರ್ಷದ ಕಸುಬು. ಅಂಜಿನಕ್ಕ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳೆತ್ತುವ ಹೆಂಗಸರ ಮೇಟಿ, ಗುಂಪಿನ ಉಸ್ತುವಾರಿ ಅವಳದೇ. ಹಾಜರಿಗೆಂದು ದಿನಕ್ಕೆರಡು ಸಲ ಮೊಬೈಲಿನಲ್ಲಿ ಎಲ್ಲರ ಫೋಟೋ ಹಿಡಿದು ಕಳಿಸಬೇಕು. ಅಂಥ ಆರುನೂರು ಫೋಟೋಗಳಲ್ಲಿ ಹನ್ನೆರಡನ್ನು ಆರಿಸಿ, ದೊಡ್ಡದು ಮಾಡಿಸಿ, ಕೂಡ್ಲಿಗಿಯ ಸಭಾಭವನದಲ್ಲಿ ಪುಷ್ಪಲತಾ ತೂಗುಹಾಕಿದ್ದಳು. ನಾಳೆಯೇ ಉದ್ಘಾಟನೆ.

“ಇಪ್ಪತ್ಮೂರ ಮಂದಿ ಅದಾರ. ಭರಮಮ್ಮ ಎಲ್ಲಿ ಹೋದ್ಲ್ರಿ ಮೇಡಂ?”

ಅಂಚಿನಲ್ಲಿ ಯಾರೋ ಓಡಿ ಬರುತ್ತಿದ್ದರು, ಮಸುಕಾಗಿತ್ತು, ಚಿತ್ರ ಬಿಗಿಯಾಗಿರಲೆಂದು ಅಷ್ಟನ್ನು ಕತ್ತರಿಸಿದೆ ಎಂದು ಪುಷ್ಪಲತಾ ನಗುತ್ತಲೇ ಹೇಳಿದಳು. ಹೆಸರಾಂತ ಕಲಾವಿದರೇ ಅವಳ ಕತ್ತರಿಗೆ ಒಪ್ಪಿ ತಲೆಯಾಡಿಸಿದವರು. ಅಂಜಿನಕ್ಕ ಆಡಿಸಲಿಲ್ಲ.

“ಫೋಟೋದಾಗ ಇಲ್ಲಂದ್ರ ಕೆಲಸಕ್ಕ ಬಂದಿಲ್ಲ ಅಂತನ ಲೆಕ್ಕ. ಆಕಿ ಅವತ್ತು ಬಂದಿದ್ಲು. ನಾಳಿ ಬಂದು ನೋಡಿದ್ರ ನಾ ಏನ್ ಹೇಳ್ಲಿ? ಆಕಿ ಇಲ್ಲಂದ್ರ ನನ್ನ ಫೋಟೋ ಒಂದೂ ಬ್ಯಾಡ, ತಗೀರಿ.”

ಪುಷ್ಪಲತಾಳಿಗೆ ಚುರುಕ್ಕೆಂದಿತು. ನೀನೂ ಎಲ್ಲೋ ಒಂದು ಕಡೆ ಯಾರನ್ನಾದರೂ ಬಿಟ್ಟಿರುತ್ತೀ ಎಂದು ತೋರಿಸುವ ಹಟಕ್ಕೆ ಲ್ಯಾಪ್‌ಟಾಪ್ ತೆರೆದು ಆರುನೂರನ್ನೂ ಒಂದೊಂದಾಗಿ ನೋಡುತ್ತ ಹೋದಳು. ಧೂಳು, ಬಿಸಿಲು, ಗಾಳಿಗೆ ಹಾರುವ ಸೆರಗು. ಆದರೆ ಒಬ್ಬಳ ಮೊಣಕೈ ಸಹ ಎಲ್ಲೂ ಕತ್ತರಿಸಿಹೋಗಿರಲಿಲ್ಲ. ಹೇಗೆ ಸಾಧ್ಯ ಎಂದು ಕೇಳಿದಾಗ ಅಂಜಿನಕ್ಕನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು.

“ಎಲ್ರೂ ಬರೋತನಕ ಹಿಂದಕ್ಕ ಸರೀತೀನ್ರಿ. ಒಮ್ಮಿ ಜಾಲಿ ಮುಳ್ಳಿನಾಗ ಬಿದ್ದಿದ್ದೆ.”

ಏನನ್ನು ಬಿಡಬೇಕೆಂದು ಬಲ್ಲ ಕಣ್ಣುಗಳನ್ನು ಪುಷ್ಪಲತಾ ಬೇಕಾದಷ್ಟು ಕಂಡಿದ್ದಳು. ಯಾರನ್ನೂ ಬಿಡಲಾರದ ಕಣ್ಣು ಇದೇ ಮೊದಲು. ಚಿತ್ರವನ್ನು ತಾನೇ ಕೆಳಗಿಳಿಸಿ ಹೊಸಪೇಟೆಯ ಮುದ್ರಕರಿಗೆ ಫೋನು ಮಾಡಿದಳು.

ಮರುದಿನ ಇಡೀ ಚಿತ್ರ ಗೋಡೆ ಮೇಲಿತ್ತು. ಚೌಕಟ್ಟಿಗೆ ಹಿಡಿಸದೆ ಹಾಗೇ ಅಂಟಿಸಿದ್ದರು. ಭರಮಮ್ಮ ಚಪ್ಪಲಿ ಹೊರಗೆ ಬಿಟ್ಟು ಬಂದು ಹುಡುಕಿ ಹುಡುಕಿ ಆ ಅಂಚಿಗೆ ನಿಂತಳು. ಮುಖ ಕಾಣುತ್ತಿರಲಿಲ್ಲ, ಒಂದು ಬುಟ್ಟಿ, ಸೆರಗು, ಮೇಲೆತ್ತಿದ ಕೈ.

“ಕೂಸಿನ್ನ ಅಂಗನವಾಡಿಗೆ ಬಿಟ್ಟು ಓಡಿ ಬಂದಿದ್ದೆ,” ಎಂದು ಪುಷ್ಪಲತಾಳಿಗೆ ಹೇಳಿ ಅಂಜಿನಕ್ಕನತ್ತ ಕೈ ತೋರಿಸಿದಳು. “ತಡಿಯವ್ವಾ, ಬಂದೆ ಅಂತ ಕೂಗಿದ್ದೆ. ಈಕಿ ತಡದಿದ್ಲು ನೋಡ್ರಿ.”